ಒಂಬತ್ತು ವರ್ಷ ನಿಂತ ಟಿಲ್ಲರ್: ಗುಜರಿಗೋ, ಗದ್ದೆಗೋ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಪ್ಪ ಇದ್ದಾಗ ತಂದ ಮಿತ್ಸುಬಿಷಿ ಶಕ್ತಿ ಪವರ್ ಟಿಲ್ಲರ್ ಒಂಬತ್ತು ವರ್ಷದಿಂದ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಂತಿದೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿದರೆ ಅಲ್ಲಾಡುವುದೇ ಇಲ್ಲ. ಊರಿನ ಮೆಕ್ಯಾನಿಕ್ ಗುಜರಿಗೆ ಹಾಕಿ ಅಂತಾರೆ. ನನ್ನ ಹತ್ತಿರ ವೆಲ್ಡಿಂಗ್ ಮಷಿನ್, ಗ್ರೈಂಡರ್, ವೈಸ್, ಒಂದು ಸೆಟ್ ಸ್ಪ್ಯಾನರ್ ಇದೆ. ಬೈಕ್ ಇಂಜಿನ್ ಬಿಚ್ಚಿ ಜೋಡಿಸಿದ್ದೇನೆ. ಪೂರ್ತಿ ಬಿಚ್ಚಿ, ಪೇಂಟ್ ಹೊಡೆದು ಹೊಸದರ ಹಾಗೆ ಮಾಡುವ ಆಸೆ. ಮನೆಯಲ್ಲೇ ಆಗುತ್ತಾ? ಎಲ್ಲಿಂದ ಶುರು ಮಾಡಲಿ? ಮುಗಿದ ಮೇಲೆ ಟ್ರೈಲರ್ ಕಟ್ಟಿ ಗೊಬ್ಬರ ಸಾಗಿಸಬಹುದಾ?

ಉತ್ತರ: ಮನೆಯಲ್ಲೇ ಆಗುತ್ತದೆ. ಬೈಕ್ ಇಂಜಿನ್ ಬಿಚ್ಚಿದ ಕೈಗೆ ಟಿಲ್ಲರ್ ಕಷ್ಟ ಅಲ್ಲ. ಇರುವುದು ಒಂದೇ ಸಿಲಿಂಡರ್. ವೈರಿಂಗ್ ತಾಪತ್ರಯ ಹೆಚ್ಚುಕಡಿಮೆ ಇಲ್ಲ. ಬೋಲ್ಟ್‌ಗಳೆಲ್ಲ ಕಣ್ಣಿಗೆ ಕಾಣುವ ಜಾಗದಲ್ಲೇ ಇವೆ. ಆದರೆ ಪೂರ್ತಿ ಬಿಚ್ಚುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಹಾಗೆ ಬಿಚ್ಚಿದ ಮಷಿನ್‌ಗಳು ಎಷ್ಟೋ ಗೋಣಿಚೀಲದಲ್ಲೇ ಉಳಿದುಹೋಗುತ್ತವೆ. ಬಿಚ್ಚುವಾಗ ಉತ್ಸಾಹ ಇರುತ್ತದೆ, ಜೋಡಿಸುವ ಹೊತ್ತಿಗೆ ಕಾಫಿ ಕೊಯ್ಲು ಬಂದಿರುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ವಿಷಯ ವಿಚಾರಿಸಿ. ಇದು ಓಡಿ ಓಡಿ ಸವೆದು ನಿಂತದ್ದಾ, ಅಥವಾ ಚೆನ್ನಾಗಿದ್ದದ್ದು ನಿಂತು ನಿಂತು ಕೆಟ್ಟದ್ದಾ? ಅಪ್ಪನ ಕಾಲದಲ್ಲಿ ಅದನ್ನು ಹೊಡೆಯುತ್ತಿದ್ದವರು ಯಾರಾದರೂ ಊರಲ್ಲಿ ಇದ್ದೇ ಇರುತ್ತಾರೆ. ಅವರನ್ನು ಕೂರಿಸಿ ಕೇಳಿ. ಕೊನೆಯ ವರ್ಷ ನೀಲಿ ಹೊಗೆ ಬರುತ್ತಿತ್ತಾ? ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತಾ? ಲೋಡ್ ಬಿದ್ದಾಗ ಗೇರ್ ಕಳಚುತ್ತಿತ್ತಾ? ನೀರು ಬೇಗ ಬೇಗ ಕಡಿಮೆಯಾಗುತ್ತಿತ್ತಾ? ಇದ್ಯಾವುದೂ ಇರಲಿಲ್ಲ, ಗದ್ದೆ ಮಾಡುವುದು ಬಿಟ್ಟದ್ದಕ್ಕೆ ನಿಲ್ಲಿಸಿದ್ದು ಅಂದರೆ ಸಂತೋಷದ ವಿಷಯ. ಆಗ ನಿಮ್ಮ ಕೆಲಸ ಒಂದೇ, ನೀರು ಎಲ್ಲೆಲ್ಲಿ ಹೋಗಿದೆ ಅಂತ ಹುಡುಕುವುದು. ಅರಸೀಕೆರೆ ಕಡೆ ಒಂಬತ್ತು ವರ್ಷ ನಿಂತ ಮಷಿನ್ ಬೇರೆ, ಸಕಲೇಶಪುರದಲ್ಲಿ ಒಂಬತ್ತು ಮಳೆಗಾಲ ಕಳೆದ ಮಷಿನ್ ಬೇರೆ. ಮಲೆನಾಡಲ್ಲಿ ತಗಡಿನ ಶೆಡ್ ಒಳಗೂ ಕಬ್ಬಿಣ ಬೆವರುತ್ತದೆ.

ಹ್ಯಾಂಡಲ್‌ಗೆ ಪೈಪ್ ಸೇರಿಸಿ ಬಲ ಹಾಕಬೇಡಿ. ಮೊದಲು ಇಂಜಿನ್‌ನಿಂದ ಕ್ಲಚ್ ಕಡೆ ಹೋಗುವ ವಿ-ಬೆಲ್ಟ್‌ಗಳನ್ನು ತೆಗೆಯಿರಿ. ಈಗ ಫ್ಲೈವೀಲ್ (ಇಂಜಿನ್ ಪಕ್ಕದ ಭಾರದ ಚಕ್ರ) ಕೈಯಲ್ಲಿ ತಿರುಗಿದರೆ ಇಂಜಿನ್ ಸರಿ ಇದೆ, ಜಾಮ್ ಆಗಿರುವುದು ಆಚೆ ಕಡೆ. ತಿರುಗದಿದ್ದರೆ ಇಂಜಿನ್ನೇ ಹಿಡಿದಿದೆ. ಇಷ್ಟೂ ನೋಡದೆ ಗುಜರಿಗೆ ಕಳಿಸಿ ಅನ್ನುವವರ ಮಾತು ನಾನಾದರೆ ಕೇಳುವುದಿಲ್ಲ.

ಆಮೇಲೆ ಇಂಜಿನ್ ಆಯಿಲ್ ಇಳಿಸಿ. ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲ ಮಾಡಿ, ಕೆಳಗೆ ಬಿಳಿ ಬಕೆಟ್ ಇಡಿ. ನೀರು ಆಯಿಲ್‌ಗಿಂತ ಭಾರ, ವರ್ಷಗಟ್ಟಲೆ ನಿಂತರೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಹಾಗಾಗಿ ಮೊದಲು ಬರುವುದು ಏನು ಅನ್ನುವುದೇ ಮುಖ್ಯ. ಬರೀ ಕಪ್ಪು ಆಯಿಲ್ ಬಂದರೆ ಅರ್ಧ ಗೆದ್ದಿರಿ. ಮೊದಲು ನೀರು ಬಂದರೆ ಅದು ಎರಡು ದಾರಿಯಲ್ಲಿ ಬಂದಿರಬಹುದು. ಒಂದು, ಮೇಲ್ಮುಖದ ಸೈಲೆನ್ಸರ್ ಒಳಗೆ ಬಿದ್ದ ಮಳೆ ಅಥವಾ ಸೋರಿದ ಸೂರಿನ ನೀರು. ಇಂಜಿನ್ ನಿಂತಾಗ ಎಕ್ಸಾಸ್ಟ್ ವಾಲ್ವ್ ತೆರೆದಿದ್ದರೆ ಆ ನೀರು ನೇರ ಸಿಲಿಂಡರ್‌ಗೇ ಇಳಿಯುತ್ತದೆ. ನಮ್ಮ ಕಡೆ ಸೈಲೆನ್ಸರ್ ಮೇಲೆ ಕರಟ ಕವುಚುವ ಅಭ್ಯಾಸ ಸುಮ್ನೆ ಬಂದದ್ದಲ್ಲ. ಇನ್ನೊಂದು, ಲೈನರ್ (ಪಿಸ್ಟನ್ ಓಡಾಡುವ ಒಳ ಕೊಳವೆ) ಬುಡದ ರಬ್ಬರ್ ರಿಂಗ್ ಒಣಗಿಯೋ, ಹೆಡ್ ಗ್ಯಾಸ್ಕೆಟ್ ಹೋಗಿಯೋ, ಕೂಲಿಂಗ್ ನೀರು ಒಳಗೆ ಇಳಿದದ್ದು. ಮೊದಲನೆಯದಾದರೆ ತುಕ್ಕು ಸಿಲಿಂಡರ್‌ನಲ್ಲಿ ಜಾಸ್ತಿ. ಎರಡನೆಯದಾದರೆ ಕ್ರ್ಯಾಂಕ್ ಬೇರಿಂಗ್ ನೋಡದೆ ಮುಂದೆ ಹೋಗಬಾರದು.

ಹಿಡಿದ ಪಿಸ್ಟನ್ ಬಿಡಿಸುವುದಕ್ಕೆ ಎಲ್ಲರೂ ಹೇಳುವ ಉಪಾಯ, ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆಗೆದು ಆ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಸುರಿದು ಬಿಡುವುದು. ಉಪಾಯ ಸರಿ. ಆದರೆ ಟಿಲ್ಲರ್ ಇಂಜಿನ್‌ನಲ್ಲಿ ಸಿಲಿಂಡರ್ ನಿಂತಿಲ್ಲ, ಮಲಗಿದೆ. ಸುರಿದದ್ದೆಲ್ಲ ಕೆಳಗಿನ ಗೋಡೆಗೆ ಹೋಗಿ ಕೂರುತ್ತದೆ. ಮೇಲಿನ ಅರ್ಧ ಒಣಗಿಯೇ ಇರುತ್ತದೆ. ವಾರ ಕಾದರೂ ಬಿಡಲಿಲ್ಲ ಅಂತ ಕೈಚೆಲ್ಲುವವರ ಕಥೆ ಬಹಳ ಸಲ ಇದೇ. ಇಂಜಿನ್ನನ್ನು ಚಾಸಿಯಿಂದ ಇಳಿಸಿ, ಹೆಡ್ ಇರುವ ಕಡೆ ಮೇಲೆ ಬರುವಂತೆ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿ. ಅದಕ್ಕೂ ಮೊದಲು ಡೀಸೆಲ್, ನೀರು, ಆಯಿಲ್ ಎಲ್ಲ ಖಾಲಿ ಇರಬೇಕು. ಇದು ನೂರು ಕಿಲೋಗಿಂತ ಜಾಸ್ತಿ ತೂಗುತ್ತದೆ, ಇಬ್ಬರು ಎತ್ತಿ ಸೊಂಟ ಹಿಡಿಸಿಕೊಳ್ಳಬೇಡಿ. ಶೆಡ್‌ನ ಅಡಿಕೆ ದಬ್ಬೆಗೆ ನೇತು ಹಾಕುವುದಂತೂ ಬೇಡವೇ ಬೇಡ. ಕಬ್ಬಿಣದ ಪೈಪಿನ ಮುಕ್ಕಾಲಿ ಮಾಡಿಕೊಳ್ಳಿ, ನಿಮ್ಮ ಹತ್ತಿರ ವೆಲ್ಡಿಂಗ್ ಮಷಿನ್ ಇದೆಯಲ್ಲ. ಚೈನ್ ಪುಲ್ಲಿ ಬಾಡಿಗೆಗೆ ತನ್ನಿ.

ಈಗ ಡೀಸೆಲ್ ಮತ್ತು ತೆಳು ಆಯಿಲ್ ಸಮ ಸಮ ಬೆರೆಸಿ ಹಾಕಿ ಬಿಡಿ. ದಿನಕ್ಕೊಮ್ಮೆ ಫ್ಲೈವೀಲನ್ನು ಎರಡೂ ಕಡೆಗೆ ಅಲ್ಲಾಡಿಸಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಮಾರನೆಯ ದಿನ ಇನ್ನಷ್ಟು ಬರುತ್ತದೆ. ಒಂದೇ ದಿಕ್ಕಿಗೆ ಎಳೆಯಬೇಡಿ, ಹಿಂದೆ ಮುಂದೆ ಮಾಡಿ. ಫ್ಲೈವೀಲ್ ಅಂಚಿಗೆ ಸುತ್ತಿಗೆ ಏಟು ಹಾಕಬೇಡಿ. ಟ್ಯಾಪೆಟ್ ಕವರ್ ತೆಗೆದು ವಾಲ್ವ್‌ಗಳಿಗೂ ಆಯಿಲ್ ಬಿಡಿ. ವಾಲ್ವ್ ತುಕ್ಕಿಗೆ ಅಂಟಿಕೊಂಡಿರುವಾಗ ಪಿಸ್ಟನ್ ಬಿಟ್ಟುಕೊಂಡು ತಿರುಗಿದರೆ ವಾಲ್ವ್ ತೆರೆಯುವ ಪುಶ್ ರಾಡ್ ಬಗ್ಗುತ್ತದೆ.

ಪಿಸ್ಟನ್ ಬಿಟ್ಟ ಕೂಡಲೇ ಸ್ಟಾರ್ಟ್ ಮಾಡುವ ಚಪಲ ಬರುತ್ತದೆ. ತಡೆಯಿರಿ. ಹೆಡ್ ಬಿಚ್ಚಿ ಲೈನರ್ ನೋಡಲೇಬೇಕು. ಕಂದು ಕಲೆ ಇದ್ದು ಉಗುರಿಗೆ ತಾಗದಿದ್ದರೆ ಚಿಂತೆ ಇಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಆ ಲೈನರ್ ಹೋಯಿತು. ಎಮರಿ ಪೇಪರ್ ಹಾಕಿ ಉಜ್ಜಿ ಸಮಾಧಾನ ಮಾಡಿಕೊಳ್ಳುವುದರಿಂದ ಪ್ರಯೋಜನ ಇಲ್ಲ. ಸವೆತ ಅಳೆಯಲು ಮನೆಯಲ್ಲೇ ಒಂದು ದಾರಿ ಇದೆ. ಹೊಸ ಪಿಸ್ಟನ್ ರಿಂಗ್ ಒಂದನ್ನು ಲೈನರ್ ಒಳಗೆ ಬಿಡಿ. ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ. ಅದರ ಬಾಯಿ ಎಷ್ಟು ತೆರೆದಿದೆ ಅಂತ ಸಂದು ಅಳೆಯುವ ಫೀಲರ್ ಗೇಜ್‌ನಿಂದ ನೋಡಿ. ಈ ಗಾತ್ರದ ಸಿಲಿಂಡರ್‌ಗೆ 0.3ರಿಂದ 0.4 ಮಿಲಿಮೀಟರ್ ಸಾಮಾನ್ಯ ಲೆಕ್ಕ, ಮ್ಯಾನುಯಲ್ ಇದ್ದರೆ ಅದರ ಮಾತೇ ಅಂತಿಮ. ರಿಂಗ್ ಓಡಾಡುವ ಜಾಗದ ಮೇಲ್ತುದಿಯಲ್ಲೂ ಕೆಳಗೂ ಅಳೆಯಿರಿ. ಸವೆತ ಯಾವಾಗಲೂ ಹೆಡ್ ಹತ್ತಿರ ಜಾಸ್ತಿ. ರಿಂಗಿನ ಬಾಯಿ ಒಂದು ಮಿಲಿಮೀಟರ್ ದಾಟಿದರೆ ಲೈನರ್, ಪಿಸ್ಟನ್, ರಿಂಗ್ ಸೆಟ್ಟಾಗಿಯೇ ಬದಲಿಸಿ.

ಸ್ಪೇರ್ ಸಿಗುತ್ತಾ ಅಂತ ಭಯ ಬೇಡ. ನಿಮ್ಮ ಟಿಲ್ಲರ್ ತಯಾರಿಸಿದ ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು. ನಮ್ಮ ಕಡೆ ಕಾಣುವ ಇನ್ನೊಂದು ಟಿಲ್ಲರ್ ಕೇರಳ ಸರ್ಕಾರದ ಕಾಮ್ಕೊ, ಅದು ಕುಬೋಟಾ ವಂಶದ್ದು. ಎರಡೂ ನೋಡಲು ಒಂದೇ ಥರ, ಪಾರ್ಟ್ಸ್ ಮಾತ್ರ ಬೇರೆ. ಹೋಗುವಾಗ ಇಂಜಿನ್ ಮೇಲಿನ ಪ್ಲೇಟಿನ ಫೋಟೋ ಮತ್ತು ಹಳೆಯ ಪಾರ್ಟ್ ಎರಡೂ ಕೈಯಲ್ಲಿರಲಿ. ಒಂದೇ ಹೆಸರಿನ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ ಬದಲಾವಣೆ ಆಗಿರುತ್ತದೆ.

ಹೊಸ ಲೈನರ್ ಕೂರಿಸುವಾಗ ರಬ್ಬರ್ ರಿಂಗ್‌ಗೆ ಸೋಪಿನ ನೀರು ಸವರಿ. ಬ್ಲಾಕ್‌ನಲ್ಲಿ ಅದು ಕೂರುವ ಜಾಗದ ತುಕ್ಕನ್ನು ಮೊದಲೇ ಚೆನ್ನಾಗಿ ಕೆರೆದಿರಬೇಕು. ಕೂರಿಸಿದ ಮೇಲೆ ಪಿಸ್ಟನ್ ಹಾಕುವ ಮುಂಚೆ ಲೈನರ್ ಸುತ್ತ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕ್ರ್ಯಾಂಕ್ ಇರುವ ಚೇಂಬರ್ ಒಳಗೆ ಒಂದು ಹನಿ ಕಂಡರೂ ವಾಪಸ್ ತೆಗೆಯಿರಿ. ಈ ಒಂದು ರಾತ್ರಿ ಕಾಯದೆ ಜೋಡಿಸಿದವರು ಆಮೇಲೆ ಇಡೀ ಇಂಜಿನ್ ಮತ್ತೆ ಬಿಚ್ಚುತ್ತಾರೆ. ಕೂಲಿಂಗ್ ಜಾಗದಲ್ಲಿ ಕೆಸರು, ಸುಣ್ಣದ ಪದರ ಇದ್ದರೆ ಇದೇ ಹೊತ್ತಿಗೆ ತೆಗೆದುಬಿಡಿ. ಹೆಡ್‌ನ ವಾಲ್ವ್‌ಗಳನ್ನು ಲ್ಯಾಪಿಂಗ್ ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಕೂರಿಸಬಹುದು. ಹೆಡ್ ಬಗ್ಗಿದೆ ಅನಿಸಿದರೆ ಹಾಸನದ ಲೇತ್‌ಗೆ ಕೊಡಿ, ಮನೆಯಲ್ಲಿ ಗ್ರೈಂಡರ್ ಹಿಡಿಯಬೇಡಿ.

ಇನ್ನು ಡೀಸೆಲ್ ಕಡೆ. ಟ್ಯಾಂಕ್ ತಳದಲ್ಲಿ ನೀರು, ತುಕ್ಕು, ಕಪ್ಪು ಮಡ್ಡಿ ಇದ್ದೇ ಇರುತ್ತದೆ. ಟ್ಯಾಂಕ್ ಇಳಿಸಿ, ಒಂದಷ್ಟು ಹಳೆಯ ನಟ್ ಮತ್ತು ಡೀಸೆಲ್ ಹಾಕಿ ಕುಲುಕಿ ತೊಳೆಯಿರಿ. ನಟ್ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಫಿಲ್ಟರ್, ಪೈಪ್ ಹೊಸದೇ ಹಾಕಿ. ಟ್ಯಾಂಕ್ ಮುಚ್ಚಳದ ಸಣ್ಣ ಗಾಳಿ ತೂತು ಮರೆಯಬೇಡಿ. ಕಡಜಗಳು ಅದರಲ್ಲಿ ಮಣ್ಣು ತುಂಬಿ ಗೂಡು ಮಾಡುತ್ತವೆ. ಆಗ ಇಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತದೆ, ನೀವು ನಾಝಲ್‌ಗೆ ಡೀಸೆಲ್ ತಳ್ಳುವ ಪಂಪ್ ಮೇಲೆ ಅನುಮಾನಪಡುತ್ತಾ ಕೂರುತ್ತೀರಿ. ಏರ್ ಕ್ಲೀನರ್ ಒಳಗೂ ನೋಡಿ, ಇಲಿ ಗೂಡು ಇಲ್ಲದ ಹಳೆಯ ಟಿಲ್ಲರ್ ಅಪರೂಪ.

ಪಂಪ್ ಮತ್ತು ನಾಝಲ್ ಮಾತ್ರ ಮನೆಯಲ್ಲಿ ಬಿಚ್ಚುವ ವಸ್ತು ಅಲ್ಲ. ಒಳಗಿನ ಪ್ಲಂಜರ್ ಮತ್ತು ಬ್ಯಾರೆಲ್ ಒಂದಕ್ಕೊಂದು ಜೋಡಿಯಾಗಿ ಉಜ್ಜಿ ತಯಾರಾದವು. ಧೂಳಿನ ಕಣವೂ ಅವುಗಳಿಗೆ ಜಾಸ್ತಿ. ಎರಡನ್ನೂ ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಡೀಸೆಲ್ ಪಂಪ್ ರಿಪೇರಿಯವರ ಹತ್ತಿರ ಒಯ್ಯಿರಿ. ಪಂಪ್ ಅಡಿಯಲ್ಲಿ ಕಾಗದದಷ್ಟು ತೆಳು ಶಿಮ್‌ಗಳು ಇದ್ದರೆ ಒಂದೂ ಕಳೆಯದ ಹಾಗೆ ಎತ್ತಿಡಿ. ಡೀಸೆಲ್ ಯಾವ ಹೊತ್ತಿಗೆ ಸಿಲಿಂಡರ್‌ಗೆ ಹೋಗಬೇಕು ಅನ್ನುವುದನ್ನು ಅವೇ ಹಿಡಿದಿರುತ್ತವೆ. ನಾಝಲ್ ಟೆಸ್ಟ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಆದರೆ ಕೈ ಒಡ್ಡಬೇಡಿ. ಆ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು.

ಪಂಪ್ ವಾಪಸ್ ಬಂದ ಮೇಲೆ ಅದರ ರ‍್ಯಾಕ್ (ಎಷ್ಟು ಡೀಸೆಲ್ ಹೋಗಬೇಕು ಅಂತ ಹಿಡಿಯುವ ಕಡ್ಡಿ) ಸಲೀಸಾಗಿ ಓಡಾಡುತ್ತಾ ನೋಡಿ. ಆಕ್ಸಿಲರೇಟರ್ ಲಿವರ್ ಎಳೆದು ಬಿಟ್ಟರೆ ಪಂಪ್ ಹತ್ತಿರದ ಕಡ್ಡಿ ತಡವರಿಸದೆ ಹಿಂದೆ ಬರಬೇಕು. ನಿಂತ ಟಿಲ್ಲರ್‌ನಲ್ಲಿ ಇದು ತುಕ್ಕಿಗೆ ಹಿಡಿದಿರುವುದು ಮಾಮೂಲು. ಅದು ಫುಲ್ ಡೀಸೆಲ್ ಜಾಗದಲ್ಲಿ ಹಿಡಿದಿದ್ದರೆ ಸ್ಟಾರ್ಟ್ ಆದ ಕೂಡಲೇ ಇಂಜಿನ್ ರೇಸ್ ಆಗಿ ಕೈಗೆ ಸಿಗುವುದಿಲ್ಲ. ಏರ್ ಕ್ಲೀನರ್‌ನಲ್ಲಿ ಗುರುತಿಗಿಂತ ಜಾಸ್ತಿ ಆಯಿಲ್ ಹಾಕಿದರೂ ಹೀಗಾಗಬಹುದು, ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲದು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ತೆಗೆದಿಡಿ. ಗಾಳಿ ಎಳೆಯುವ ಬಾಯಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಗಾಳಿ ಸಿಗದಿದ್ದರೆ ಯಾವ ಡೀಸೆಲ್ ಇಂಜಿನ್ನೂ ನಿಲ್ಲಲೇಬೇಕು. ಅಂಗೈ ಅಡ್ಡ ಹಿಡಿಯುವ ಸಾಹಸ ಬೇಡ.

ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆಯುವ ಕ್ರಮ ಗೊತ್ತಿರಬಹುದು. ಮೊದಲು ಫಿಲ್ಟರ್ ಹತ್ತಿರ, ಆಮೇಲೆ ಪಂಪ್ ಹತ್ತಿರ, ಕೊನೆಗೆ ನಾಝಲ್ ಕಡೆಯ ನಟ್. ಗುಳ್ಳೆ ಇಲ್ಲದ ಡೀಸೆಲ್ ಬರುವ ತನಕ ಬಿಗಿ ಮಾಡಬೇಡಿ. ಸಿಲಿಂಡರ್ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಇದ್ದರೆ ಒತ್ತಿ ಹಿಡಿದು, ಡೀಸೆಲ್ ಕೊಡದೆ ಒಂದಷ್ಟು ಸುತ್ತು ತಿರುಗಿಸಿ. ಹೊಸ ಆಯಿಲ್ ಬೇರಿಂಗ್‌ಗಳಿಗೆ ಮುಟ್ಟಲಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಸುತ್ತಿ ಹಿಡಿಯಬೇಡಿ. ಹ್ಯಾಂಡಲ್ ಸಿಕ್ಕಿಕೊಳ್ಳುವ ಹಲ್ಲು ಸವೆದಿದ್ದರೆ ವೆಲ್ಡ್ ಮಾಡಿ ಸರಿಮಾಡಿದ ಮೇಲೆಯೇ ಕೈ ಹಾಕಿ. ಮಣಿಕಟ್ಟು ಮುರಿಯುವುದು ಹೀಗೆಯೇ. ಶೆಡ್ ಒಳಗೆ ಓಡಿಸದೆ ಕಣಕ್ಕೆ ತಂದು ಸ್ಟಾರ್ಟ್ ಮಾಡಿ.

ಮೊದಲಿಗೆ ನೀಲಿ ಹೊಗೆ ದಟ್ಟವಾಗಿ ಬರುತ್ತದೆ, ನೀವೇ ಸುರಿದ ಆಯಿಲ್ ಉರಿಯುತ್ತಿದೆ ಅಷ್ಟೇ. ಕಾಲು ಗಂಟೆ ಓಡಿದ ಮೇಲೂ ಬಂದರೆ ರಿಂಗ್ ಬಗ್ಗೆ ಯೋಚಿಸಿ. ಕಣ್ಣು ಉರಿಯುವ ಬಿಳಿ ಹೊಗೆ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ನಾಝಲ್ ಅಥವಾ ಕಂಪ್ರೆಶನ್ ನೋಡಬೇಕು. ನಿಲ್ಲಿಸಿ, ಬಿಸಿ ಇರುವಾಗಲೇ ಆ ಆಯಿಲ್ ಇಳಿಸಿ ಹೊಸದು ಹಾಕಿ. ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಟ್ಯಾಪೆಟ್ ಸೆಟ್ ಮಾಡಿ. ಲೈನರ್ ಹೊಸದಾಗಿದ್ದರೆ ಶುರುವಿನಲ್ಲಿ ಕೆಸರು ಗದ್ದೆಗೆ ಇಳಿಸಬೇಡಿ, ಒಣ ನೆಲದಲ್ಲಿ ಹಗುರ ಕೆಲಸ ಕೊಡಿ.

ಇಂಜಿನ್ ಓಡಿದರೆ ಕೆಲಸ ಮುಗಿಯಿತು ಅಂತ ತಿಳಿಯುವವರೇ ಜಾಸ್ತಿ. ನನ್ನ ಕೇಳಿದರೆ ಮಷಿನ್ ಉಳಿಸಬೇಕೋ ಬೇಡವೋ ಅಂತ ತೀರ್ಮಾನಿಸುವುದು ಗೇರ್ ಬಾಕ್ಸ್. ಇಂಜಿನ್‌ನಲ್ಲಿ ಸವೆಯುವ ಭಾಗಗಳೆಲ್ಲ ಬದಲಿಸಲು ಆಗುವಂಥವು. ಗೇರ್ ಬಾಕ್ಸ್ ಬಾಡಿಯೇ ಬಿರುಕು ಬಿಟ್ಟಿದ್ದರೆ, ಬೇರಿಂಗ್ ಕೂರುವ ಮನೆ ಸವೆದಿದ್ದರೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ ಅನ್ನಬೇಕಾಗುತ್ತದೆ. ಅದಕ್ಕೇ ಲೈನರ್ ಕಿಟ್‌ಗೆ ದುಡ್ಡು ಕೊಡುವ ಮುಂಚೆ ಗೇರ್ ಆಯಿಲ್ ಇಳಿಸಿ ನೋಡಿ. ಮಜ್ಜಿಗೆಯ ಹಾಗೆ ಬೆಳ್ಳಗೆ ಬಂದರೆ ಗದ್ದೆ ನೀರು ಸೀಲ್ ದಾಟಿ ಒಳಗೆ ಹೋಗಿದೆ. ಡ್ರೈನ್ ಬೋಲ್ಟ್ ತುದಿಗೆ ಅಂಟಿದ ಕಬ್ಬಿಣದ ಪುಡಿ ನುಣ್ಣಗಿದ್ದರೆ ಮಾಮೂಲು ಸವೆತ. ಚೂರು ಚೂರಾಗಿ ಬಂದರೆ ಹಲ್ಲು ಮುರಿದಿದೆ, ಕವರ್ ತೆಗೆಯಬೇಕು. ಹಾಗೇನೂ ಇಲ್ಲದಿದ್ದರೆ ಡೀಸೆಲ್ ಹಾಕಿ ಕೈಯಲ್ಲಿ ತಿರುಗಿಸಿ ತೊಳೆದು, 90ರ ಗೇರ್ ಆಯಿಲ್ ತುಂಬಿಸಿ.

ಆಕ್ಸಲ್ ಮತ್ತು ಮಣ್ಣು ಹೊರಳಿಸುವ ರೋಟರಿಯ ಸೀಲ್‌ಗಳನ್ನು ಎಲ್ಲ ಬದಲಿಸಿ. ಹೊಸ ಸೀಲ್ ಹಾಕಿದರೂ ಸೋರುತ್ತದೆ ಅನ್ನುವ ದೂರು ಬಹಳ ಕೇಳುತ್ತೇನೆ. ಹಳೆಯ ಸೀಲ್ ತುಟಿ ಉಜ್ಜಿ ಉಜ್ಜಿ ಶಾಫ್ಟ್ ಮೇಲೆ ಗೀರು ಮಾಡಿರುತ್ತದೆ. ಹೊಸದರ ತುಟಿ ಅದೇ ಗೀರಿನಲ್ಲಿ ಕೂತರೆ ನಿಲ್ಲುವುದಿಲ್ಲ. ಜಾಗ ಇದ್ದರೆ ಎರಡು ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸಿ. ಗೀರು ಆಳ ಇದ್ದರೆ ಲೇತ್‌ನಲ್ಲಿ ತೆಳು ಸ್ಲೀವ್ ಹಾಕಿಸಿ. ರೋಟರಿ ಬ್ಲೇಡ್‌ಗಳಲ್ಲಿ ಎಡದ್ದು, ಬಲದ್ದು ಬೇರೆ ಬೇರೆ. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಒಂದೇ ಹರಿದಿದ್ದರೂ ಸೆಟ್ ಪೂರ್ತಿ ಬದಲಿಸಿ, ಇಲ್ಲವಾದರೆ ಹೊಸದರ ಮೇಲೇ ಲೋಡ್ ಎಲ್ಲ ಬೀಳುತ್ತದೆ. ಮೈನ್ ಕ್ಲಚ್ ಪ್ಲೇಟ್‌ಗಳು ತೇವಕ್ಕೆ ಅಂಟಿಕೊಂಡಿರುತ್ತವೆ, ಬಿಚ್ಚಿ ಒಣಗಿಸಿ ಉಜ್ಜಿದರೆ ಸಾಮಾನ್ಯವಾಗಿ ಸಾಕು.

ಖರ್ಚಿನ ಬಗ್ಗೆ: ಲೈನರ್ ಕಿಟ್, ಹೆಡ್ ಕೆಲಸ, ಪಂಪ್ ನಾಝಲ್, ಸೀಲ್ ಬೇರಿಂಗ್, ಬೆಲ್ಟ್, ಟೈರ್. ಇಷ್ಟಕ್ಕೆ ಅಂಗಡಿಯಲ್ಲಿ ರೇಟು ಬರೆಸಿಕೊಂಡು ಕೂಡಿಸಿ. ನಿಮ್ಮ ಕಡೆ ಓಡುವ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಟಿಲ್ಲರ್ ಏನು ಬೆಲೆಗೆ ಸಿಗುತ್ತದೋ, ಅದರ ಅರ್ಧ ದಾಟಿದರೆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನ ಮಷಿನ್ ಅನ್ನುವ ಕಾರಣಕ್ಕೆ ಮಾಡುತ್ತೀರಾದರೆ ಆ ಲೆಕ್ಕ ನಿಮ್ಮದು, ನಾನು ಬೇಡ ಅನ್ನುವುದಿಲ್ಲ. ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಶುರು ಮಾಡಿ. ಜೂನ್‌ನಲ್ಲಿ ಬಿಚ್ಚಿದರೆ ಸಂಜೆ ಒರೆಸಿಟ್ಟ ಪಾರ್ಟ್ ಬೆಳಿಗ್ಗೆಗೆ ಕೆಂಪಾಗಿರುತ್ತದೆ. ಪೇಂಟ್ ಎಲ್ಲಕ್ಕಿಂತ ಕೊನೆಗೆ, ಒಂದು ಸಲ ಉಳುಮೆ ಮಾಡಿ ಎಲ್ಲೂ ಸೋರುವುದಿಲ್ಲ ಅಂತ ಗೊತ್ತಾದ ಮೇಲೆ. ವೈರ್ ಬ್ರಷ್, ಒಂದು ಕೋಟು ರೆಡ್ ಆಕ್ಸೈಡ್, ಮೇಲೆ ಎನಾಮಲ್. ಅಷ್ಟು ಸಾಕು.

ಟ್ರೈಲರ್ ವಿಷಯ ಕೇಳಿದ್ದೀರಿ. ಕಟ್ಟಬಹುದು, ಆದರೆ ಮೊದಲು ಮೂರು ಕಡೆ ನೋಡಿ. ಟೈರ್ ಬಿರುಕು ಬಿಟ್ಟಿದ್ದರೆ ಗದ್ದೆಗೆ ನಡೆಯುತ್ತದೆ, ಲೋಡ್ ಹಾಕಿ ರಸ್ತೆಗೆ ಬೇಡ. ಟ್ರೈಲರ್‌ನ ಕಾಲು ಬ್ರೇಕ್ ಒಂಬತ್ತು ವರ್ಷದ ತುಕ್ಕಿನಲ್ಲಿ ಹಿಡಿದಿರುತ್ತದೆ, ಡ್ರಮ್ ಬಿಚ್ಚಿ ಲೈನಿಂಗ್ ಹೊಸದು ಹಾಕಿ. ಮೂರನೆಯದು ಹಿಡಿಕೆಯ ಕೆಳಗಿನ ಎರಡು ಸೈಡ್ ಕ್ಲಚ್‌ಗಳು. ಒತ್ತಿದರೆ ಕ್ಲಚ್ ಆ ಕಡೆಯ ಚಕ್ರವನ್ನು ಕೂಡಲೇ ಬಿಡಬೇಕು, ಕೈ ತೆಗೆದರೆ ಕೂಡಲೇ ಹಿಡಿಯಬೇಕು.

ಈ ಸೈಡ್ ಕ್ಲಚ್ ಬಗ್ಗೆ ನಿಮ್ಮ ಊರಿನಂಥ ಏರು ಇಳಿಜಾರಿನ ಜಾಗದಲ್ಲಿ ಒಂದು ಮಾತು ಹೇಳಲೇಬೇಕು. ಸಮತಟ್ಟಿನಲ್ಲಿ ಬಲಗಡೆ ಕ್ಲಚ್ ಒತ್ತಿದರೆ ಬಲ ಚಕ್ರಕ್ಕೆ ಎಳೆತ ನಿಂತು ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಲೋಡ್ ಟ್ರೈಲರ್ ಹಿಂದಿನಿಂದ ತಳ್ಳುವ ಇಳಿಜಾರಿನಲ್ಲಿ ಇದು ಉಲ್ಟಾ. ಅಲ್ಲಿ ಇಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಬಲ ಕ್ಲಚ್ ಒತ್ತಿದರೆ ಬಲ ಚಕ್ರ ತಡೆ ಕಳೆದುಕೊಂಡು ಜೋರಾಗಿ ಉರುಳುತ್ತದೆ, ಟಿಲ್ಲರ್ ಎಡಕ್ಕೆ ನುಗ್ಗುತ್ತದೆ. ಗೊತ್ತಿಲ್ಲದವರು ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ, ಮಷಿನ್ ಚರಂಡಿಗೆ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರ್‌ಗೆ ಹಾಕಿಕೊಳ್ಳಿ. ಮಧ್ಯದಲ್ಲಿ ಮೈನ್ ಕ್ಲಚ್ ಹಿಡಿಯಬೇಡಿ, ನ್ಯೂಟ್ರಲ್ ಮಾಡಬೇಡಿ. ಸೈಡ್ ಕ್ಲಚ್ ಮುಟ್ಟದೆ ಹಿಡಿಕೆಯನ್ನೇ ತಳ್ಳಿ ತಿರುಗಿಸಿ, ಕಾಲು ಟ್ರೈಲರ್ ಬ್ರೇಕ್ ಮೇಲಿರಲಿ. ಗೊಬ್ಬರ ಹೇರುವ ಮೊದಲು ಖಾಲಿ ಟ್ರೈಲರ್ ಕಟ್ಟಿಕೊಂಡು, ವಾಹನ ಓಡಾಡದ ತೋಟದ ದಾರಿಯಲ್ಲಿ ಒಂದಷ್ಟು ದಿನ ಕೈ ಪಳಗಿಸಿಕೊಳ್ಳಿ.